ಬಾರ್ಬೋಸಾನ ಐವತ್ತು ವರ್ಷ

2023ರ ನವೆಂಬರ್ 19, ಭಾನುವಾರ. ಅಹಮದಾಬಾದ್‌ನಲ್ಲಿ ವಿಶ್ವಕಪ್ ಫೈನಲ್ ಮುಗಿದು ಅರ್ಧ ಗಂಟೆಯೂ ಆಗಿರಲಿಲ್ಲ. ಸತತ ಹತ್ತು ಪಂದ್ಯ ಗೆದ್ದು ಬಂದಿದ್ದ ನಮ್ಮ ತಂಡ ಹನ್ನೊಂದನೆಯದರಲ್ಲಿ ಆಸ್ಟ್ರೇಲಿಯಾಕ್ಕೆ ಸೋತಿತ್ತು. ನಾನು ಸ್ಟುಡಿಯೋದಲ್ಲಿ ಮೈಕ್ ಸಿಕ್ಕಿಸಿಕೊಳ್ತಾ ಇದ್ದೆ. ಗ್ರಾಫಿಕ್ಸ್ ಹುಡುಗ ಓಡಿ ಬಂದು ಕೇಳಿದ: "ಸರ್, ವಿಲನ್ ಜಾಗದಲ್ಲಿ ಯಾರ ಫೋಟೋ ಹಾಕ್ಲಿ?" ನಾನು ಒಬ್ಬನ ಹೆಸರು ಹೇಳಿದೆ. ಯೋಚನೆ ಮಾಡಿದ್ದು ಎಷ್ಟು ಹೊತ್ತು ಅಂತೀರಾ? ಮೈಕ್‌ನ ಕ್ಲಿಪ್ ಸರಿಯಾಗಿ ಕೂರೋಷ್ಟು ಹೊತ್ತು. ಆಮೇಲೆ ನಲವತ್ತು ನಿಮಿಷ ಅದೇ ಫೋಟೋ, ಅದರ ಸುತ್ತ ಕೆಂಪು ವೃತ್ತ, ಕೆಳಗೆ "ಸೋಲಿಗೆ ಇವನೇ ಕಾರಣ?" ಅನ್ನೋ ಸಾಲು. ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದು ನಮ್ಮ ಬುದ್ಧಿವಂತಿಕೆ.

ಆ ಆಟಗಾರನ ಹೆಸರು ಇಲ್ಲಿ ಮತ್ತೆ ಬರೆಯಲ್ಲ. ಒಂದು ಸಲ ಹೇಳಿದ್ದೇ ಸಾಕು. ಇವತ್ತು ಹೇಳೋಕೆ ಹೊರಟಿರೋದು ಇನ್ನೊಬ್ಬನ ಕತೆ. ಆತನೂ ತನ್ನದೇ ದೇಶದಲ್ಲಿ, ತನ್ನದೇ ಜನರ ಮುಂದೆ, ಒಂದು ಭಾನುವಾರ ವಿಶ್ವಕಪ್ ಸೋತ. ಆತನ ಫೋಟೋ ಸುತ್ತಲೂ ವೃತ್ತ ಬಿತ್ತು. ಆ ವೃತ್ತ ಸಾಯೋವರೆಗೂ ಅಳಿಸಲಿಲ್ಲ.

ಹೆಸರು ಮೊಆಸಿರ್ ಬಾರ್ಬೋಸಾ. ಬ್ರೆಜಿಲ್‌ನ ಗೋಲ್‌ಕೀಪರ್. ಹುಟ್ಟಿದ್ದು 1921ರಲ್ಲಿ, ಸಾವೊ ಪಾಲೊ ಪ್ರಾಂತ್ಯದ ಕಂಪಿನಾಸ್ ಊರಿನಲ್ಲಿ. ಇಪಿರಂಗ ಅನ್ನೋ ಕ್ಲಬ್ಬಿನಲ್ಲಿ ಆಡಿ ಹೆಸರು ಮಾಡಿ, 1945ರ ಹೊತ್ತಿಗೆ ರಿಯೊ ಡಿ ಜನೈರೊದ ವಾಸ್ಕೊ ಡ ಗಾಮ ಕ್ಲಬ್ಬಿಗೆ ಬಂದ. ಈ ಕ್ಲಬ್ಬಿನ ಬಗ್ಗೆ ಎರಡು ಮಾತು ಹೇಳಲೇಬೇಕು. 1923ರಲ್ಲಿ ಇವರು ಕಪ್ಪು ಹುಡುಗರನ್ನ, ಕೂಲಿ ಕಾರ್ಮಿಕರನ್ನ ಆಡಿಸಿ ರಿಯೊ ಚಾಂಪಿಯನ್‌ಷಿಪ್ ಗೆದ್ದುಬಿಟ್ಟರು. ಶ್ರೀಮಂತ ಕ್ಲಬ್ಬುಗಳಿಗೆ ಇದನ್ನ ಸಹಿಸೋಕೆ ಆಗಲಿಲ್ಲ. ಮರುವರ್ಷವೇ ಹೊಸ ಲೀಗ್ ಕಟ್ಟಿ, ಹನ್ನೆರಡು ಆಟಗಾರರನ್ನ ಕೈಬಿಟ್ಟರೆ ಮಾತ್ರ ಒಳಗೆ ಬನ್ನಿ ಅಂದರು. ವಾಸ್ಕೊ ಅಧ್ಯಕ್ಷರು ಪತ್ರ ಬರೆದು, ಹಾಗಾದರೆ ನಿಮ್ಮ ಲೀಗೇ ಬೇಡ ಅಂದರು. ಬಾರ್ಬೋಸಾ ಕೂಡ ಕಪ್ಪು ಮನುಷ್ಯ. ಆತ ಬಂದು ಸೇರಿದ್ದು ಇಂಥ ಮನೆಗೆ.

ಅಲ್ಲಿಂದ ಮುಂದಿನ ಐದು ವರ್ಷ ಆತನದ್ದೇ ಕಾಲ. 1945, 1947, 1949ರಲ್ಲಿ ರಿಯೊ ಚಾಂಪಿಯನ್‌ಷಿಪ್. 1948ರಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್ಬುಗಳ ಟೂರ್ನಿ ನಡೆಯಿತು. ಅರ್ಜೆಂಟೀನಾದ ರಿವರ್ ಪ್ಲೇಟ್ ತಂಡದಲ್ಲಿ ಆಗ ಇದ್ದವನು ಡಿ ಸ್ಟೆಫಾನೊ, ಮುಂದೆ ರಿಯಲ್ ಮ್ಯಾಡ್ರಿಡ್‌ನ ದಂತಕತೆಯಾದವನು. ಅಂಥ ತಂಡಕ್ಕೆ ಬಾರ್ಬೋಸಾ ಒಂದೂ ಗೋಲು ಕೊಡಲಿಲ್ಲ. 0-0. ಕಪ್ ವಾಸ್ಕೊಗೆ. 1949ರಲ್ಲಿ ಬ್ರೆಜಿಲ್ ದಕ್ಷಿಣ ಅಮೆರಿಕ ಚಾಂಪಿಯನ್ ಆದಾಗಲೂ ಗೋಲಿನ ಮುಂದೆ ಇದೇ ಮನುಷ್ಯ. ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಇದರಲ್ಲಿ ಒಂದನ್ನೂ ಆಮೇಲೆ ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಈಗ 1950ಕ್ಕೆ ಬರೋಣ. ಎರಡನೇ ಮಹಾಯುದ್ಧದಿಂದಾಗಿ ಹನ್ನೆರಡು ವರ್ಷ ನಿಂತುಹೋಗಿದ್ದ ವಿಶ್ವಕಪ್ ಮತ್ತೆ ಶುರುವಾಗಿದ್ದು ಬ್ರೆಜಿಲ್‌ನಲ್ಲಿ. ಅದಕ್ಕಂತಲೇ ರಿಯೊದಲ್ಲಿ ಮರಕಾನಾ ಸ್ಟೇಡಿಯಂ ಕಟ್ಟಿದರು. 1948ರ ಆಗಸ್ಟ್‌ನಲ್ಲಿ ಕೆಲಸ ಶುರು, 1950ರ ಜೂನ್‌ನಲ್ಲಿ ಉದ್ಘಾಟನೆ. ಎರಡು ವರ್ಷವೂ ತುಂಬಿಲ್ಲ! ನಮ್ಮಲ್ಲಿ ಒಂದು ಫ್ಲೈಓವರ್‌ಗೆ ಎಷ್ಟು ವರ್ಷ ಹಿಡಿಯುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಆ ವಿಶ್ವಕಪ್‌ಗೆ ಭಾರತಕ್ಕೂ ಕರೆ ಇತ್ತು ಅನ್ನೋದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಮ್ಮ ಗುಂಪಿನ ಉಳಿದ ತಂಡಗಳು ಹಿಂದೆ ಸರಿದು, ನಾವು ಅರ್ಹತಾ ಪಂದ್ಯ ಆಡದೆಯೇ ಅರ್ಹರಾಗಿದ್ದೆವು. ಇಟಲಿ, ಸ್ವೀಡನ್, ಪರಾಗ್ವೆ ಜೊತೆ ನಮ್ಮ ಹೆಸರೂ ಸೇರಿತ್ತು. ಆದರೆ ನಾವು ಹೋಗಲಿಲ್ಲ. ಬರಿಗಾಲಲ್ಲಿ ಆಡೋಕೆ ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಅನ್ನೋ ಕತೆಯನ್ನ ನಾನೂ ಶಾಲೆಯಲ್ಲಿ ಕೇಳಿದ್ದೆ. ಆಗಿನ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಅದನ್ನ ತಳ್ಳಿಹಾಕಿದರು. ದೂರದ ಪ್ರಯಾಣ, ಅಭ್ಯಾಸಕ್ಕೆ ಸಮಯದ ಕೊರತೆ, ವಿಶ್ವಕಪ್‌ಗಿಂತ ಒಲಿಂಪಿಕ್ಸೇ ದೊಡ್ಡದು ಅನ್ನೋ ನಮ್ಮ ಫೆಡರೇಷನ್‌ನ ಲೆಕ್ಕಾಚಾರ, ಇವೇ ಕಾರಣ. ಅದಕ್ಕೆ ಎರಡು ವರ್ಷ ಮುಂಚೆ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು, ಗೋಲ್‌ಕೀಪರ್ ಕೆ.ವಿ. ವರದರಾಜ್ ಕೂಡ ನಮ್ಮವರೇ. ಹೋಗಿದ್ದರೆ ಮರಕಾನಾದ ಹುಲ್ಲಿನ ಮೇಲೆ ನಮ್ಮೂರಿನ ಹುಡುಗರ ಕಾಲೂ ಬೀಳುತ್ತಿತ್ತೇನೋ. ಇರಲಿ, ಅದು ಬೇರೆಯೇ ಸಂಕಟ.

ಆ ವರ್ಷ ಫೈನಲ್ ಅಂತ ಒಂದು ಪಂದ್ಯ ಇರಲಿಲ್ಲ. ಕೊನೆಯ ನಾಲ್ಕು ತಂಡಗಳು ಒಬ್ಬರ ವಿರುದ್ಧ ಒಬ್ಬರು ಆಡಬೇಕು, ಹೆಚ್ಚು ಪಾಯಿಂಟ್ ಪಡೆದವರು ಚಾಂಪಿಯನ್. ಬ್ರೆಜಿಲ್ ಸ್ವೀಡನ್‌ಗೆ 7-1, ಸ್ಪೇನ್‌ಗೆ 6-1 ಬಾರಿಸಿತು. ಪುಟ್ಟ ದೇಶ ಉರುಗ್ವೆ ಸ್ಪೇನ್ ಜೊತೆ 2-2 ಡ್ರಾ ಮಾಡಿ, ಸ್ವೀಡನ್ ಮೇಲೆ 3-2ರಲ್ಲಿ ಹೇಗೋ ಬಚಾವಾಯ್ತು. ಕೊನೆಯ ಪಂದ್ಯ ಈ ಇಬ್ಬರ ನಡುವೆ. ಬ್ರೆಜಿಲ್‌ಗೆ ಡ್ರಾ ಆದರೂ ಸಾಕು.

1950ರ ಜುಲೈ 16. ಟಿಕೆಟ್ ಕೊಂಡವರೇ 1,73,850 ಮಂದಿ. ಒಳಗಿದ್ದವರು ಸುಮಾರು ಎರಡು ಲಕ್ಷ. ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಂಥ ಐದನ್ನ ಒಂದರಲ್ಲಿ ತುಂಬಿದ ಹಾಗೆ. ಪಂದ್ಯಕ್ಕೆ ಮುಂಚೆಯೇ ರಿಯೊದ ಪತ್ರಿಕೆಯೊಂದು ತಂಡದ ಫೋಟೋ ಹಾಕಿ ಇವರೇ ವಿಶ್ವ ಚಾಂಪಿಯನ್ನರು ಅಂತ ಬರೆದಾಗಿತ್ತು. ರಿಯೊದ ಮೇಯರ್ ಮೈಕ್ ಹಿಡಿದು, ಇನ್ನೂ ಆಡದ ಪಂದ್ಯಕ್ಕೆ ಆಟಗಾರರನ್ನ ಅಭಿನಂದಿಸಿಬಿಟ್ಟ. ಉರುಗ್ವೆ ನಾಯಕ ಒಬ್ದುಲಿಯೊ ವರೇಲಾ ಆ ಪತ್ರಿಕೆಯನ್ನ ರಾಶಿಗಟ್ಟಲೆ ಕೊಂಡು ಬಂದು ತನ್ನ ಹುಡುಗರಿಂದ ಅದಕ್ಕೆ ಏನು ಮಾಡಿಸಿದ ಅನ್ನೋದು ಫುಟ್‌ಬಾಲ್ ಲೋಕದ ಜನಪ್ರಿಯ ಕತೆ. ಮನೆಮಂದಿಯೆಲ್ಲ ಓದೋ ಪುಸ್ತಕ ಇದು, ಬಿಡಿಸಿ ಹೇಳಲ್ಲ.

ಎರಡನೇ ಅವಧಿಯ ಶುರುವಿನಲ್ಲೇ, 47ನೇ ನಿಮಿಷಕ್ಕೆ, ಬ್ರೆಜಿಲ್‌ನ ಫ್ರಿಯಾಸಾ ಗೋಲು ಹೊಡೆದ. 66ನೇ ನಿಮಿಷ: ಉರುಗ್ವೆಯ ಬಲಬದಿಯಿಂದ ಗಿಗ್ಗಿಯಾ ಅನ್ನೋ ಸಣಕಲು ವಿಂಗರ್ ಬ್ರೆಜಿಲ್‌ನ ಬಿಗೋಡಿಯನ್ನ ದಾಟಿ ಓಡಿದ, ಚೆಂಡನ್ನ ಮಧ್ಯಕ್ಕೆ ತಳ್ಳಿದ, ಸ್ಕಿಯಾಫಿನೊ ಗೋಲಿಗೆ ಬಾರಿಸಿದ. 1-1. ಆಗಲೂ ಕಪ್ ಬ್ರೆಜಿಲ್‌ನದೇ.

79ನೇ ನಿಮಿಷ. ಮತ್ತೆ ಅದೇ ಬಲಬದಿ, ಮತ್ತೆ ಗಿಗ್ಗಿಯಾ, ಮತ್ತೆ ಬಿಗೋಡಿ ಹಿಂದೆ ಬಿದ್ದ. ಗೋಲಿನ ಮುಂದೆ ನಿಂತ ಬಾರ್ಬೋಸಾ ಏನು ನೋಡಿದ? ಹದಿಮೂರು ನಿಮಿಷ ಹಿಂದೆ ನೋಡಿದ್ದೇ ದೃಶ್ಯ. ಮಧ್ಯದಲ್ಲಿ ಸಹ ಆಟಗಾರರು ಕಾಯ್ತಿದ್ದಾರೆ. ಚೆಂಡು ಮತ್ತೆ ಮಧ್ಯಕ್ಕೇ ಬರುತ್ತೆ ಅಂದುಕೊಂಡು, ಅದನ್ನ ತಡೆಯೋಕೆ ಒಂದು ಹೆಜ್ಜೆ ಮುಂದೆ ಸರಿದ. ಹತ್ತಿರದ ಕಂಬಕ್ಕೂ ಆತನಿಗೂ ನಡುವೆ ಒಂದು ಸಣ್ಣ ಸಂದಿ ಬಿತ್ತು. ಗಿಗ್ಗಿಯಾ ಮಧ್ಯಕ್ಕೆ ಕಳಿಸಲಿಲ್ಲ. ಆ ಸಂದಿಗೇ ಹೊಡೆದ.

ನಾನು ಎಂಜಿನಿಯರಿಂಗ್ ಓದಿದವನು. ಆ ಪದವಿ ಟಿವಿಯಲ್ಲಿ ಯಾವ ಉಪಯೋಗಕ್ಕೂ ಬಂದಿಲ್ಲ, ಇಲ್ಲಾದರೂ ಬರಲಿ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಚೆಂಡಿನ ವೇಗ ಗಂಟೆಗೆ 90 ಕಿಲೋಮೀಟರ್ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ, ಅಂದ್ರೆ ಸೆಕೆಂಡಿಗೆ 25 ಮೀಟರ್. ಎಂಟು ಮೀಟರ್ ದೂರದಿಂದ ಬರೋಕೆ 0.32 ಸೆಕೆಂಡ್ ಸಾಕು. ಕಣ್ಣು ನೋಡಿ, ಮಿದುಳು ಅರ್ಥ ಮಾಡಿಕೊಂಡು, ದೇಹಕ್ಕೆ ಆಜ್ಞೆ ಹೋಗೋಕೇ ಸುಮಾರು 0.2 ಸೆಕೆಂಡ್ ಬೇಕು. ಉಳಿಯೋದು 0.12. ಅಷ್ಟರಲ್ಲಿ ಮುಂದಕ್ಕೆ ವಾಲಿದ ದೇಹವನ್ನ ತಿರುಗಿಸಿ ಎಡಕ್ಕೆ ಹಾರಬೇಕು. ಹಾಗಾಗಿ ಗೋಲ್‌ಕೀಪರ್ ಚೆಂಡು ನೋಡಿ ಹಾರಲ್ಲ, ಮೊದಲೇ ಊಹಿಸಿ ಸರಿದಿರ್ತಾನೆ. ಹತ್ತು ಸಲ ಇದೇ ಸನ್ನಿವೇಶ ಬಂದರೆ ಎಂಟು ಸಲ ಬಾರ್ಬೋಸಾನ ಊಹೆಯೇ ಸರಿ ಅನ್ನೋದು ನನ್ನ ಅಂದಾಜು. ಇದನ್ನ ನಾನೊಬ್ಬನೇ ಹೇಳ್ತಿಲ್ಲ. ಬಾರ್ಬೋಸಾ ಮಾಡಿದ್ದೇ ತರ್ಕಬದ್ಧ, ತರ್ಕ ಬಿಟ್ಟು ಹೊಡೆದವನು ನಾನು ಅನ್ನೋ ಅರ್ಥದ ಮಾತನ್ನ ಖುದ್ದು ಗಿಗ್ಗಿಯಾನೇ ಆಡಿದ್ದಾನೆ.

ಬಾರ್ಬೋಸಾ ಹಾರಿದ್ದ. ಕೈ ಚೆಂಡಿಗೆ ತಾಗಿತ್ತು ಕೂಡ. ಹೊರಗೆ ತಳ್ಳಿದೆ, ಕಾರ್ನರ್ ಆಯ್ತು ಅಂದುಕೊಂಡು ಎದ್ದನಂತೆ. ಆಗ ಕೇಳಿಸಿದ್ದು ನಿಶ್ಶಬ್ದ. ಎರಡು ಲಕ್ಷ ಜನರ ನಿಶ್ಶಬ್ದ. ತಿರುಗಿ ನೋಡಿದರೆ ಚೆಂಡು ಬಲೆಯೊಳಗಿತ್ತು.

ಫಿಫಾ ಅಧ್ಯಕ್ಷ ಜೂಲ್ಸ್ ರಿಮೆ ಬ್ರೆಜಿಲ್ ಗೆಲುವಿಗೆಂದು ಪೋರ್ಚುಗೀಸ್ ಭಾಷೆಯಲ್ಲಿ ಭಾಷಣ ಸಿದ್ಧ ಮಾಡಿಕೊಂಡಿದ್ದರು. ಸ್ಕೋರ್ 1-1 ಇದ್ದಾಗ ಗ್ಯಾಲರಿಯಿಂದ ಎದ್ದು ಒಳದಾರಿಯಲ್ಲಿ ಮೈದಾನಕ್ಕೆ ಇಳಿದು ಬಂದರು. ಹೊರಗೆ ಬಂದಾಗ ಎಲ್ಲ ಮುಗಿದಿತ್ತು. ವೇದಿಕೆ ಇಲ್ಲ, ಭಾಷಣ ಇಲ್ಲ. ಗುಂಪಿನ ನಡುವೆ ವರೇಲಾನನ್ನ ಹುಡುಕಿ ಕಪ್ಪನ್ನ ಕೈಗಿಟ್ಟು ಹೋದರು. ಆ ರಾತ್ರಿ ವರೇಲಾ ರಿಯೊದ ಬಾರುಗಳಲ್ಲಿ ಬ್ರೆಜಿಲ್‌ನವರ ಜೊತೆ ಕೂತು ಕುಡಿದ, ಅಳುತ್ತಿದ್ದವರನ್ನ ನೋಡಿ ಗೆದ್ದವನಿಗೇ ಹೊಟ್ಟೆ ಕಿವುಚಿತಂತೆ. ಅದೇ ದಿನ ಇನ್ನೊಂದು ಊರಿನಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ರೇಡಿಯೋ ಪಕ್ಕ ಅಪ್ಪ ಅಳೋದನ್ನ ನೋಡಿ, ನಾನು ನಿನಗೆ ವಿಶ್ವಕಪ್ ಗೆದ್ದು ಕೊಡ್ತೀನಿ ಅಂದ. ಆ ಹುಡುಗ ಪೆಲೆ. ಎಂಟು ವರ್ಷಕ್ಕೆ ಮಾತು ಉಳಿಸಿಕೊಂಡ.

ಮರುದಿನದಿಂದ ಹುಡುಕಾಟ ಶುರು. ಯಾರ ತಪ್ಪು? ಅದಕ್ಕೆ ಮುಂಚಿನ ಐದು ಪಂದ್ಯಗಳಲ್ಲಿ 21 ಗೋಲು ಹೊಡೆದಿದ್ದ ಮುಂಚೂಣಿ ಆಟಗಾರರು ಆ ದಿನ ಹೊಡೆದಿದ್ದು ಒಂದೇ. ಅವರನ್ನ ಯಾರೂ ಕೇಳಲಿಲ್ಲ. ಡ್ರಾ ಸಾಕಿದ್ದಾಗ, ಒಂದೇ ಬದಿಯಿಂದ ಎರಡು ಸಲ ದಾಳಿ ಆದಾಗ, ಅಲ್ಲಿಗೆ ಇನ್ನೊಬ್ಬನನ್ನ ಯಾಕೆ ನಿಲ್ಲಿಸಲಿಲ್ಲ ಅಂತ ಕೋಚ್ ಫ್ಲಾವಿಯೊ ಕೋಸ್ಟಾನನ್ನ ಕೇಳಿದವರಿಗಿಂತ ಕೇಳದವರೇ ಜಾಸ್ತಿ. ಗೆಲ್ಲೋ ಮುಂಚೆಯೇ ಚಾಂಪಿಯನ್ ಅಂತ ಅಚ್ಚು ಹಾಕಿದ ಪತ್ರಿಕೆಯವರು ತಮ್ಮನ್ನ ತಾವು ಕೇಳಿಕೊಳ್ಳೋದಂತೂ ದೂರದ ಮಾತು. ಸಿಕ್ಕಿದ್ದು ಮೂರು ಹೆಸರು: ಬಾರ್ಬೋಸಾ, ಬಿಗೋಡಿ, ಜುವೆನಾಲ್. ಮೂವರೂ ಕಪ್ಪು ಮೈಬಣ್ಣದವರು. ಇದು ಕಾಕತಾಳೀಯ ಅಂತ ವಾದಿಸೋರು ಬ್ರೆಜಿಲ್‌ನಲ್ಲೂ ಇದ್ದಾರೆ. ನಾನು ಒಪ್ಪಲ್ಲ. ಗೆದ್ದಾಗ ದೇಶದ ಮಕ್ಕಳು, ಸೋತಾಗ ನೆನಪಾಗೋದು ಜಾತಿ, ಬಣ್ಣ, ಊರು. ಇದು ನಮಗೆ ಗೊತ್ತಿಲ್ಲದ ಲೆಕ್ಕವೇ?

ಒಂದು ವಿಷಯ ನನ್ನನ್ನ ತುಂಬ ಕಾಡಿತು. ಬ್ರೆಜಿಲ್‌ನಲ್ಲಿ ಟಿವಿ ಪ್ರಸಾರ ಶುರುವಾಗಿದ್ದು 1950ರ ಸೆಪ್ಟೆಂಬರ್ 18ಕ್ಕೆ, ಸಾವೊ ಪಾಲೊದಲ್ಲಿ. ಅಂದ್ರೆ ಆ ಗೋಲು ಬಿದ್ದ ಎರಡು ತಿಂಗಳ ಮೇಲೆ. ದೇಶದ ಬಹುಪಾಲು ಜನ ಆ ಪಂದ್ಯವನ್ನ ಕಣ್ಣಾರೆ ನೋಡಿಯೇ ಇಲ್ಲ, ರೇಡಿಯೋದಲ್ಲಿ ಕೇಳಿದ್ದು. ರಿಪ್ಲೇ ಇಲ್ಲ, ಸ್ಲೋ ಮೋಷನ್ ಇಲ್ಲ. ಉಳಿದಿದ್ದು ಕೆಲವೇ ಕ್ಷಣಗಳ ಮಸುಕು ಫಿಲ್ಮ್. ಟಿವಿ ಇದ್ದಿದ್ದರೆ ಬಾರ್ಬೋಸಾಗೆ ನ್ಯಾಯ ಸಿಗ್ತಿತ್ತು ಅಂತ ಮೊದಲು ಅಂದುಕೊಂಡೆ. ಆಮೇಲೆ ನನಗೆ ನನ್ನದೇ ನಲವತ್ತು ನಿಮಿಷ ನೆನಪಾಯ್ತು. ನಮ್ಮ ಹತ್ತಿರ ಎಲ್ಲ ಕೋನದ ರಿಪ್ಲೇ ಇತ್ತು.

ತಂಡದ ಬಿಳಿ ಅಂಗಿಗೂ ಶಿಕ್ಷೆ ಆಯ್ತು. ಅದು ಅಪಶಕುನ, ದೇಶದ ಬಣ್ಣವೇ ಅದರಲ್ಲಿ ಇಲ್ಲ ಅಂತ ತೀರ್ಮಾನಿಸಿ, ಪತ್ರಿಕೆಯೊಂದು ಹೊಸ ಸಮವಸ್ತ್ರಕ್ಕೆ ಸ್ಪರ್ಧೆ ಇಟ್ಟಿತು. ಗೆದ್ದವನು ಅಲ್ದೀರ್ ಶ್ಲೀ ಅನ್ನೋ ಹತ್ತೊಂಬತ್ತರ ತರುಣ. ಇವತ್ತು ಜಗತ್ತೆಲ್ಲ ಗುರುತಿಸೋ ಹಳದಿ ಅಂಗಿ ಆತ ಬರೆದ ಚಿತ್ರ. ತಮಾಷೆ ಏನು ಗೊತ್ತಾ? ಗಡಿ ಊರಿನಲ್ಲಿ ಬೆಳೆದ ಆತ ಮನಸ್ಸಿನೊಳಗೆ ಉರುಗ್ವೆ ಅಭಿಮಾನಿ!

ಅಂಗಿ ಬದಲಾಯ್ತು. ಬಾರ್ಬೋಸಾ ಬದಲಾಗೋಕೆ ಆಗಲ್ಲವಲ್ಲ. ವಾಸ್ಕೊ ಆತನನ್ನ ಬಿಟ್ಟುಕೊಡಲಿಲ್ಲ. 1950ರ ಋತುವಿನಲ್ಲೇ ಮತ್ತೆ ರಿಯೊ ಚಾಂಪಿಯನ್, 1952ರಲ್ಲಿ ಮತ್ತೊಮ್ಮೆ. 1953ರಲ್ಲಿ ರಾಷ್ಟ್ರೀಯ ತಂಡಕ್ಕೆ ಒಂದೇ ಒಂದು ಪಂದ್ಯ. ಅದೇ ವರ್ಷ ಆಟದಲ್ಲಿ ಕಾಲು ಮುರಿಯಿತು. ಮುಂದಿನ ವಿಶ್ವಕಪ್ ಬಾಗಿಲು ಮುಚ್ಚಿತು. ಆದರೂ ಆಡ್ತಾನೇ ಇದ್ದ. ಕ್ಲಬ್ಬಿಂದ ಕ್ಲಬ್ಬಿಗೆ ಹೋಗಿ, ತಿರುಗಿ ವಾಸ್ಕೊಗೆ ಬಂದು, 1962ರಲ್ಲಿ ಆಟ ನಿಲ್ಲಿಸಿದಾಗ ವಯಸ್ಸು ನಲವತ್ತು ದಾಟಿತ್ತು. ಹೆದರಿ ಓಡಿಹೋದವನು ಹನ್ನೆರಡು ವರ್ಷ ಗೋಲಿನ ಮುಂದೆ ನಿಲ್ಲಲ್ಲ.

ಆಮೇಲೆ ಹೊಟ್ಟೆಪಾಡು. ನೌಕರಿ ಸಿಕ್ಕಿದ್ದು ಎಲ್ಲಿ ಅಂತೀರಿ? ಅದೇ ಮರಕಾನಾದಲ್ಲಿ. ಯಾವ ಗೋಲಿನಲ್ಲಿ ಚೆಂಡು ಬಿತ್ತೋ ಅದರ ಪಕ್ಕದಲ್ಲೇ ಓಡಾಡಿಕೊಂಡು ಸಂಬಳ ತಗೋಬೇಕು. 1963ರ ಹೊತ್ತಿಗೆ ಅಲ್ಲಿನ ಹಳೇ ಮರದ ಗೋಲ್ ಕಂಬಗಳನ್ನ ಕಿತ್ತು ಹೊಸದು ಹಾಕಿದರು, ಹಳೆಯದನ್ನ ಬಾರ್ಬೋಸಾಗೇ ಕೊಟ್ಟರು, ಆತ ಮನೆಗೆ ಒಯ್ದು ಸ್ನೇಹಿತರನ್ನ ಕರೆದು ಆ ಸೌದೆಯಲ್ಲೇ ಮಾಂಸ ಸುಟ್ಟು ಊಟ ಹಾಕಿದ ಅಂತ ಒಂದು ಕತೆ ಇದೆ. ಕೇಳೋಕೆ ಎಷ್ಟು ಚೆನ್ನಾಗಿದೆ ಅಂದ್ರೆ, ಇಷ್ಟು ಚೆನ್ನಾಗಿರೋದಕ್ಕೇ ನನಗೆ ಪೂರ್ತಿ ನಂಬಿಕೆ ಬರಲ್ಲ.

ನಂಬಲೇಬೇಕಾದ್ದು ಇನ್ನೊಂದು, ಬಾರ್ಬೋಸಾನೇ ಹೇಳಿಕೊಂಡಿದ್ದು. ಸೋತು ಇಪ್ಪತ್ತು ವರ್ಷ ಆಗಿತ್ತು. ಅಂಗಡಿಯಲ್ಲಿ ಹೆಂಗಸೊಬ್ಬಳು ಆತನನ್ನ ಗುರುತು ಹಿಡಿದು, ಜೊತೆಯಲ್ಲಿದ್ದ ಪುಟ್ಟ ಮಗನಿಗೆ ತೋರಿಸಿದಳು: "ನೋಡು, ಇಡೀ ಬ್ರೆಜಿಲನ್ನ ಅಳಿಸಿದ ಮನುಷ್ಯ ಇವನೇ." ಆ ಮಗು 1950ರಲ್ಲಿ ಹುಟ್ಟಿಯೇ ಇರಲಿಲ್ಲ. ಆ ವರ್ಷ 1970. ಪೆಲೆಯ ತಂಡ ಮೂರನೇ ಸಲ ವಿಶ್ವಕಪ್ ಗೆದ್ದ ವರ್ಷ. 1958, 1962, 1970, ಮೂರು ಕಪ್ ಬಂದರೂ ಒಂದು ಗೋಲಿನ ಸಾಲ ತೀರಲಿಲ್ಲ.

1993ರಲ್ಲಿ ಬ್ರೆಜಿಲ್ ಮತ್ತೆ ಮರಕಾನಾದಲ್ಲಿ, ಮತ್ತೆ ಉರುಗ್ವೆ ವಿರುದ್ಧ, ವಿಶ್ವಕಪ್ ಅರ್ಹತೆಗೆ ಆಡಬೇಕಿತ್ತು. ಎಪ್ಪತ್ತೆರಡರ ಬಾರ್ಬೋಸಾ ಆಟಗಾರರಿಗೆ ಒಳ್ಳೇದಾಗಲಿ ಅನ್ನೋಕೆ ಅಭ್ಯಾಸ ಶಿಬಿರಕ್ಕೆ ಹೋದ. ಒಳಗೆ ಬಿಡಲಿಲ್ಲ. ಕೆಟ್ಟ ಶಕುನವಂತೆ. ನಮ್ಮಲ್ಲಿ ಶುಭಕಾರ್ಯಕ್ಕೆ ವಿಧವೆಯರನ್ನ ದೂರ ಇಡೋ ಹಾಳು ಪದ್ಧತಿ ಇತ್ತಲ್ಲ, ಕೆಲವು ಕಡೆ ಈಗಲೂ ಇದೆ, ನನಗೆ ತಕ್ಷಣ ನೆನಪಾಗಿದ್ದು ಅದು. ಆ ಪಂದ್ಯವನ್ನ ರೊಮಾರಿಯೊನ ಎರಡು ಗೋಲಿನಿಂದ ಬ್ರೆಜಿಲ್ 2-0ರಲ್ಲಿ ಗೆದ್ದಿತು. ಮರುವರ್ಷ ಕಪ್ಪನ್ನೂ ಗೆದ್ದಿತು.

ಹೆಂಡತಿ ಕ್ಲೊಟಿಲ್ಡೆ ತೀರಿಕೊಂಡ ಮೇಲೆ ಬಾರ್ಬೋಸಾ ಪ್ರಾಯ ಗ್ರಾಂಡೆ ಅನ್ನೋ ಕಡಲೂರಿನಲ್ಲಿ ಇದ್ದ. ಸ್ವಂತ ಮಕ್ಕಳಿಲ್ಲ. ಮಗಳ ಹಾಗೆ ನೋಡಿಕೊಂಡ ಹೆಣ್ಣುಮಗಳೊಬ್ಬಳು ಇದ್ದಳು. ನಮ್ಮ ದೇಶದ ಕಾನೂನಿನಲ್ಲಿ ಅತಿ ದೊಡ್ಡ ಶಿಕ್ಷೆ ಮೂವತ್ತು ವರ್ಷ, ನಾನು ಮಾಡದ ತಪ್ಪಿಗೆ ಐವತ್ತು ವರ್ಷ ಅನುಭವಿಸಿದೆ ಅಂತ ಕೊನೆಗಾಲದಲ್ಲಿ ಆತ ಹೇಳಿದ್ದು ದೇಶ ದೇಶಗಳಲ್ಲಿ ಅಚ್ಚಾಯ್ತು. 2000ದ ಏಪ್ರಿಲ್ 7ರಂದು ತೀರಿಕೊಂಡ. ವಯಸ್ಸು 79.

ಆತನ ನಂತರ ಬ್ರೆಜಿಲ್ ಗೋಲಿನ ಮುಂದೆ ವಿಶ್ವಕಪ್‌ನಲ್ಲಿ ಕಪ್ಪು ಮನುಷ್ಯ ನಿಲ್ಲೋದೇ ಅಪರೂಪ ಆಗಿಹೋಗಿತ್ತು. 1966ರಲ್ಲಿ ಮಾಂಗಾ ಆಡಿದ್ದು ಒಂದು ಪಂದ್ಯ. ಮೊದಲ ಆಯ್ಕೆಯ ಗೋಲ್‌ಕೀಪರ್ ಆಗಿ ದೀದಾ ನಿಂತಿದ್ದು 2006ರಲ್ಲಿ. ಐವತ್ತಾರು ವರ್ಷದ ಮೇಲೆ. 2014ರ ಜುಲೈ 8ಕ್ಕೆ, ಮತ್ತೆ ತವರಿನ ವಿಶ್ವಕಪ್‌ನಲ್ಲಿ, ಬೆಲೊ ಹೊರಿಜಾಂಟೆ ಊರಿನಲ್ಲಿ ಜರ್ಮನಿ ಬ್ರೆಜಿಲನ್ನ 7-1ರಲ್ಲಿ ಸೋಲಿಸಿತು. ಈಗಲಾದರೂ ಬಾರ್ಬೋಸಾಗೆ ಬಿಡುಗಡೆ ಅಂತ ಆಗ ಅನೇಕರು ಅಂದರು. ಸತ್ತು ಹದಿನಾಲ್ಕು ವರ್ಷ ಆದಮೇಲೆ!

ಗೋಲು ಹೊಡೆದ ಗಿಗ್ಗಿಯಾ ಕತೆ ಬೇರೆ. 2009ರಲ್ಲಿ ಮರಕಾನಾದವರೇ ಆತನನ್ನ ಕರೆಸಿ, ದಿಗ್ಗಜರ ಸಾಲಿನಲ್ಲಿ ಆತನ ಹೆಜ್ಜೆ ಗುರುತು ಹಾಕಿಸಿಕೊಂಡರು. ಸೋಲಿಸಿದವನಿಗೆ ಗೌರವ ಕೊಡೋ ದೊಡ್ಡತನ ಆ ದೇಶಕ್ಕೆ ಇತ್ತು. ಆ ದಿನ ಮೈದಾನದಲ್ಲಿದ್ದ 22 ಮಂದಿಯಲ್ಲಿ ಕೊನೆಗೆ ಉಳಿದವನು ಆತನೇ. ತೀರಿಕೊಂಡಿದ್ದು 2015ರಲ್ಲಿ. ತಾರೀಖು ಜುಲೈ 16.

ಈ ಪುಸ್ತಕಕ್ಕೆ ಬರಹ ತಿದ್ದೋವಾಗ ನನ್ನ ಆ ಹಳೇ ಕಾರ್ಯಕ್ರಮ ಹುಡುಕಿ ನೋಡಿದೆ. ಯೂಟ್ಯೂಬಿನಲ್ಲಿ ಇನ್ನೂ ಇದೆ. ಕೆಂಪು ವೃತ್ತ, ನನ್ನ ಏರುದನಿ, ಕೆಳಗೆ ಆ ಹುಡುಗನ ತಾಯಿಯನ್ನೂ ಸೇರಿಸಿ ಬೈದಿರೋ ಕಾಮೆಂಟುಗಳು. ತೆಗೀರಿ ಅಂತ ನಮ್ಮ ಡಿಜಿಟಲ್ ವಿಭಾಗಕ್ಕೆ ಎರಡು ಸಲ ಬರೆದಿದೀನಿ. ನೋಡ್ತೀವಿ ಸರ್ ಅಂದಿದ್ದಾರೆ.